ಬೆವರಿನ ಲೆಕ್ಕ: ದೀರ್ಘ ಓಟದ ನಂತರ ಎಷ್ಟು ನೀರು, ಎಷ್ಟು ಉಪ್ಪು

ಏಪ್ರಿಲ್ ತಿಂಗಳ ಬೆಳಗ್ಗೆ ಒಂದೂವರೆ ಗಂಟೆ ಓಡಿ ಮನೆಗೆ ಬಂದ ಮೇಲೆ, ತೊಟ್ಟಿದ್ದ ಕಪ್ಪು ಟೀ ಶರ್ಟನ್ನು ಬಕೆಟ್ಟಿಗೆ ಹಾಕದೆ ಹಗ್ಗದ ಮೇಲೆ ಹರವಿ, ಅದು ಒಣಗಿದ ನಂತರ ಹತ್ತಿರದಿಂದ ನೋಡಿ. ಬೆನ್ನಿನ ಭಾಗದಲ್ಲಿ, ಕಂಕುಳಿನ ಕೆಳಗೆ, ಎದೆಯ ಸುತ್ತ ಬಿಳಿಯ ಅಂಕುಡೊಂಕು ಗೆರೆಗಳು ಮೂಡಿರುತ್ತವೆ. ಟೋಪಿ ಹಾಕಿಕೊಂಡಿದ್ದರೆ ಅದರ ಅಂಚಿನಲ್ಲಿಯೂ ಅದೇ ಗೆರೆ ಕಾಣುತ್ತದೆ. ಬೆರಳಿನಿಂದ ಉಜ್ಜಿದರೆ ನವಿರಾದ ಪುಡಿ ಕೈಗೆ ಹತ್ತುತ್ತದೆ. ನಾಲಿಗೆಗೆ ಇಟ್ಟು ನೋಡಿದರೆ ಅದು ಉಪ್ಪು. ವ್ಯಾಯಾಮದ ನಂತರ ದೇಹಕ್ಕೆ ಮರಳಿ ಕೊಡಬೇಕಾದದ್ದು ನೀರಷ್ಟೇ ಅಲ್ಲ ಎಂಬುದನ್ನು ನನಗೆ ಮೊದಲು ತಿಳಿಸಿದ್ದು ಈ ಗೆರೆಗಳೇ.

ಮೈಸೂರಿನಲ್ಲಿ ವಾರಕ್ಕೆ ನಾಲ್ಕು ದಿನ ಓಡುವ, ತಿಂಗಳಿಗೆ ಒಂದೆರಡು ಬಾರಿ ಚಾಮುಂಡಿ ಬೆಟ್ಟದ ಸಾವಿರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಹತ್ತುವ ನಾನು, ಹೊಸದಾಗಿ ಓಟಕ್ಕೆ ಬರುವ ಗೆಳೆಯರು ಪದೇ ಪದೇ ಕೇಳುವ ಒಂದು ಪ್ರಶ್ನೆಗೆ ಇಲ್ಲಿ ವಿವರವಾಗಿ ಉತ್ತರಿಸಲು ಪ್ರಯತ್ನಿಸಿದ್ದೇನೆ. ಬರೀ ನೀರು ಸಾಕೆ, ಅಥವಾ ಸೋಡಿಯಂ, ಪೊಟ್ಯಾಸಿಯಂನಂತಹ ಲವಣಗಳನ್ನು ಬೆರೆಸಿದ ಎಲೆಕ್ಟ್ರೊಲೈಟ್ ಪಾನೀಯ ಬೇಕೆ ಎಂಬುದು ಆ ಪ್ರಶ್ನೆ. ಎಷ್ಟು ಹೊತ್ತು ಬೆವರಿದಿರಿ, ಎಷ್ಟು ಬೆವರಿದಿರಿ, ಮತ್ತೆ ಯಾವಾಗ ಓಡಬೇಕಾಗಿದೆ ಎಂಬ ಮೂರು ಸಂಗತಿಗಳ ಮೇಲೆ ಉತ್ತರ ನಿಂತಿದೆ. ಈ ಮೂರನ್ನೂ ಮನೆಯಲ್ಲಿಯೇ ಅಳೆದು ತಿಳಿಯಬಹುದು, ಅದಕ್ಕೆ ಒಂದು ತೂಕದ ಯಂತ್ರ ಮತ್ತು ಒಂದು ಅಳತೆಯ ಬಾಟಲಿ ಇದ್ದರೆ ಸಾಕು.

ಬೆವರಿನಲ್ಲಿ ಹೋಗುವುದೇನು

ಬೆವರು ರಕ್ತದ ದ್ರವಾಂಶದಿಂದಲೇ ತಯಾರಾಗುತ್ತದೆ. ಅದರಲ್ಲಿ ನೀರನ್ನು ಬಿಟ್ಟರೆ ಹೆಚ್ಚಾಗಿ ಇರುವುದು ಸೋಡಿಯಂ ಮತ್ತು ಕ್ಲೋರೈಡ್, ಅಂದರೆ ನಾವು ಅಡುಗೆಗೆ ಬಳಸುವ ಉಪ್ಪಿನ ಎರಡು ಭಾಗಗಳು. ಪೊಟ್ಯಾಸಿಯಂ ಅದಕ್ಕಿಂತ ಬಹಳ ಕಡಿಮೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಇನ್ನೂ ಕಡಿಮೆ. ಹೆಚ್ಚಿನವರು ಗಂಟೆಗೆ ಅರ್ಧ ಲೀಟರಿನಿಂದ ಎರಡು ಲೀಟರಿನವರೆಗೆ ಬೆವರುತ್ತಾರೆ. ಒಂದು ಲೀಟರ್ ಬೆವರಿನಲ್ಲಿ ಸೋಡಿಯಂ ಸುಮಾರು 460 ಮಿಲಿಗ್ರಾಂನಿಂದ 1,840 ಮಿಲಿಗ್ರಾಂವರೆಗೆ ಇರಬಹುದು. ಒಬ್ಬರಿಗೂ ಇನ್ನೊಬ್ಬರಿಗೂ ನಾಲ್ಕು ಪಟ್ಟು ವ್ಯತ್ಯಾಸವಿರುವಾಗ, ಎಲ್ಲರಿಗೂ ಒಂದೇ ಅಳತೆಯನ್ನು ಹೇಳುವ ಸಲಹೆ ಯಾರಿಗೂ ಸರಿಹೊಂದುವುದಿಲ್ಲ. ಜೊತೆಯಲ್ಲಿಯೇ ಓಡಿ ಬಂದ ಇಬ್ಬರಲ್ಲಿ ಒಬ್ಬರ ಬನಿಯನ್ ಹಿಂಡಿದರೆ ನೀರು ಸುರಿಯುತ್ತದೆ, ಇನ್ನೊಬ್ಬರದು ಕೊಂಚ ತೇವವಾಗಿರುತ್ತದೆ ಅಷ್ಟೆ.

ಊರಿನ ಹವೆಯೂ ಇಲ್ಲಿ ಮುಖ್ಯ. ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ಗಾಳಿಯಲ್ಲಿ ತೇವಾಂಶ ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈಯಿಂದ ತೊಟ್ಟಿಕ್ಕುತ್ತದೆ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ, ಆದರೂ ದೇಹ ಅದನ್ನು ಸುರಿಸುತ್ತಲೇ ಇರುತ್ತದೆ. ಬಳ್ಳಾರಿ, ರಾಯಚೂರು, ಕಲಬುರಗಿಯ ಒಣ ಧಗೆಯಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯುತ್ತದೆ: ಬೆವರು ಬಂದ ಕ್ಷಣವೇ ಆರಿಹೋಗಿ ಚರ್ಮ ಒಣಗಿದಂತೆ ಕಾಣುವುದರಿಂದ, ತಾವು ಅಷ್ಟೇನೂ ಬೆವರಿಲ್ಲವೆಂದು ಓಟಗಾರರು ಭಾವಿಸುತ್ತಾರೆ. ಅಲ್ಲಿ ಕೆನ್ನೆಯ ಮೇಲೆ, ಹಣೆಯ ಮೇಲೆ ಕೈಗೆ ಹತ್ತುವ ಉಪ್ಪಿನ ಪುಡಿಯೇ ನಿಜವನ್ನು ಹೇಳುತ್ತದೆ. ತಂಪಾದ ಊರಿನಿಂದ ಸೆಕೆಯ ಊರಿಗೆ ಹೋದವರಿಗೆ ದೇಹ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಒಗ್ಗಿಕೊಂಡ ಮೇಲೆ ಬೆವರು ಬೇಗನೆ ಮತ್ತು ಹೆಚ್ಚಾಗಿ ಬರುತ್ತದೆ, ಆದರೆ ಅದರಲ್ಲಿನ ಉಪ್ಪಿನ ಅಂಶ ಕಡಿಮೆಯಾಗುತ್ತದೆ. ಆದ್ದರಿಂದ ಮೊದಲ ಎರಡು ವಾರ ಉಪ್ಪಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು.

ನೀರು ಕುಡಿದರೂ ತೀರದ ದಣಿವು

ಓಟ ಶುರುಮಾಡಿದ ಮೊದಲ ಬೇಸಿಗೆಯಲ್ಲಿ ನಾನು ಒಂದು ತಪ್ಪು ಮಾಡಿದೆ. ಎರಡು ಗಂಟೆ ಓಡಿ ಬಂದು, ಬಾಯಾರಿಕೆಯ ರಭಸಕ್ಕೆ ಅರ್ಧ ಗಂಟೆಯೊಳಗೆ ಹತ್ತಿರ ಹತ್ತಿರ ಎರಡು ಲೀಟರ್ ಬರೀ ನೀರು ಕುಡಿದು, ಹೊಟ್ಟೆ ತುಂಬಿದ್ದರಿಂದ ತಿಂಡಿಯನ್ನು ಬಿಟ್ಟೆ. ಮುಂದಿನ ಒಂದೂವರೆ ಗಂಟೆಯಲ್ಲಿ ನಾಲ್ಕು ಬಾರಿ ಮೂತ್ರಕ್ಕೆ ಹೋಗಬೇಕಾಯಿತು, ಮೂತ್ರ ನೀರಿನಷ್ಟೇ ತಿಳಿಯಾಗಿತ್ತು. ಮೂತ್ರ ತಿಳಿಯಾಗಿದೆ, ಅಂದ ಮೇಲೆ ದೇಹಕ್ಕೆ ಬೇಕಾದಷ್ಟು ನೀರು ಸೇರಿದೆ ಎಂದೇ ತಿಳಿದಿದ್ದೆ. ಆದರೆ ಮಧ್ಯಾಹ್ನದವರೆಗೂ ತಲೆ ಸಿಡಿಯುತ್ತಿತ್ತು, ಕೈಕಾಲು ಸೋತಿದ್ದವು. ಸಂಜೆ ತೂಕ ನೋಡಿದರೆ ಎಂದಿಗಿಂತ ಒಂದು ಕಿಲೋಗ್ರಾಂ ಕಡಿಮೆಯೇ ಇತ್ತು. ಕುಡಿದ ನೀರು ದೇಹದಲ್ಲಿ ನಿಲ್ಲದೆ ಹಾಗೆಯೇ ಹೊರಗೆ ಹೋಗಿತ್ತು.

ಅದಕ್ಕೆ ಕಾರಣವಿದೆ. ಬೆವರಿ ಬಂದ ದೇಹಕ್ಕೆ ಒಮ್ಮೆಲೇ ಬರೀ ನೀರು ಸುರಿದಾಗ ರಕ್ತದಲ್ಲಿನ ಸೋಡಿಯಂ ತೆಳುವಾಗುತ್ತದೆ. ನೀರನ್ನು ಹಿಡಿದಿಡುವಂತೆ ಮೂತ್ರಪಿಂಡಗಳಿಗೆ ಹೇಳುವ ಹಾರ್ಮೋನು ಅದರಿಂದ ಇಳಿಯುತ್ತದೆ, ಬಾಯಾರಿಕೆಯೂ ಅಡಗುತ್ತದೆ. ದೇಹದಲ್ಲಿ ಇನ್ನೂ ನೀರಿನ ಕೊರತೆ ಇರುವಾಗಲೇ ಮೂತ್ರಪಿಂಡಗಳು ನೀರನ್ನು ಹೊರಹಾಕಲು ತೊಡಗುತ್ತವೆ. ನೀರಿನ ಜೊತೆಗೆ ಉಪ್ಪು ಸೇರಿದ್ದರೆ ಹೀಗಾಗುವುದಿಲ್ಲ. ಸೋಡಿಯಂ ಇದ್ದಲ್ಲಿ ನೀರು ನಿಲ್ಲುತ್ತದೆ, ಬಾಯಾರಿಕೆಯೂ ಇನ್ನಷ್ಟು ಹೊತ್ತು ಉಳಿದು ಬೇಕಾದಷ್ಟು ಕುಡಿಯುವಂತೆ ಮಾಡುತ್ತದೆ. ಆ ದಿನ ನಾನು ಒಂದು ತಟ್ಟೆ ಉಪ್ಪಿಟ್ಟು ತಿಂದು, ಅದೇ ನೀರನ್ನು ನಿಧಾನವಾಗಿ ಕುಡಿದಿದ್ದರೆ ಮಧ್ಯಾಹ್ನ ಅಷ್ಟು ನರಳುತ್ತಿರಲಿಲ್ಲ.

ಸಕ್ಕರೆಗೂ ಇಲ್ಲಿ ಒಂದು ಕೆಲಸವಿದೆ, ಅದು ರುಚಿಗಷ್ಟೇ ಅಲ್ಲ. ಸಣ್ಣ ಕರುಳಿನ ಗೋಡೆಯಲ್ಲಿ ಗ್ಲೂಕೋಸನ್ನೂ ಸೋಡಿಯಂ ಅನ್ನೂ ಜೊತೆಯಾಗಿಯೇ ಒಳಗೆ ಕರೆದುಕೊಳ್ಳುವ ದ್ವಾರಗಳಿವೆ, ಅವೆರಡರ ಹಿಂದೆ ನೀರೂ ಒಳಗೆ ಬರುತ್ತದೆ. 1960ರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ಮುಂದಿಟ್ಟ ಈ ವಿವರಣೆಯ ಬಲ ಎಷ್ಟೆಂಬುದು ಜಗತ್ತಿಗೆ ಮನವರಿಕೆಯಾದದ್ದು ನಮ್ಮ ದೇಶದಲ್ಲಿ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ಡ್ರಿಪ್ ಬಾಟಲಿಗಳು ಸಾಲದಾದಾಗ, ವೈದ್ಯ ದಿಲೀಪ್ ಮಹಲನಾಬಿಸ್ ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾ ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಅದರಿಂದ ಉಳಿದ ಜೀವಗಳಿಗೆ ಲೆಕ್ಕವಿಲ್ಲ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಕೇಡ್ ಮತ್ತು ಅವರ ಸಂಗಡಿಗರು 1965ರಲ್ಲಿ ಫುಟ್ಬಾಲ್ ಆಟಗಾರರಿಗಾಗಿ ತಯಾರಿಸಿದ ಗೇಟರೇಡ್ ಎಂಬ ಕ್ರೀಡಾ ಪಾನೀಯ ಕೂಡ ನೀರು, ಉಪ್ಪು, ಸಕ್ಕರೆಯ ಇದೇ ಕೂಟ. ಒಂದು ಭೇದಿಗೆ ಹುಟ್ಟಿದ್ದು, ಇನ್ನೊಂದು ಬೆವರಿಗೆ ಹುಟ್ಟಿದ್ದು. ಆದ್ದರಿಂದ ಅವುಗಳ ಅಳತೆ ಬೇರೆ ಬೇರೆಯಾಗಿದೆ.

ತೂಕ ನೋಡುವ ಕ್ರಮ

ಈ ಕೆಲಸವನ್ನು ಒಂದು ಋತುವಿನಲ್ಲಿ ಮೂರು ನಾಲ್ಕು ಬಾರಿ ಮಾಡಿದರೆ ಸಾಕು, ದಿನವೂ ಮಾಡಬೇಕಿಲ್ಲ. ಓಟಕ್ಕೆ ಹೊರಡುವ ಮೊದಲು ಮೂತ್ರ ವಿಸರ್ಜನೆ ಮಾಡಿ, ಸಾಧ್ಯವಾದಷ್ಟು ಕಡಿಮೆ ಬಟ್ಟೆಯಲ್ಲಿ ಬರಿಗಾಲಿನಲ್ಲಿ ತೂಕ ನೋಡಿ ಬರೆದಿಡಿ. ಓಡುವಾಗ ಕುಡಿಯುವ ನೀರನ್ನು ಅಳತೆ ಗೊತ್ತಿರುವ ಬಾಟಲಿಯಲ್ಲಿ ಮಾತ್ರ ಒಯ್ಯಿರಿ. ಮರಳಿ ಬಂದ ಕೂಡಲೇ, ಏನನ್ನೂ ಕುಡಿಯುವ ಮೊದಲು, ಬೆವರಿನಿಂದ ತೊಯ್ದ ಬಟ್ಟೆ ಮತ್ತು ಕಾಲುಚೀಲಗಳನ್ನು ತೆಗೆದು, ಟವೆಲಿನಿಂದ ಮೈಯನ್ನೂ ತಲೆಗೂದಲನ್ನೂ ಒರೆಸಿಕೊಂಡು ಅದೇ ಯಂತ್ರದ ಮೇಲೆ ಮತ್ತೆ ನಿಲ್ಲಿ. ತೊಯ್ದ ಬಟ್ಟೆಯಲ್ಲಿಯೇ ನಿಂತರೆ ಬಟ್ಟೆ ಹೀರಿಕೊಂಡ ಬೆವರು ದೇಹದ ತೂಕದಲ್ಲಿ ಸೇರಿ ಲೆಕ್ಕ ತಪ್ಪುತ್ತದೆ. ಹೆಚ್ಚು ಬೆವರುವವರಲ್ಲಿ ಈ ತಪ್ಪು ಇನ್ನೂರು ಮುನ್ನೂರು ಗ್ರಾಂ ಆಗುವುದು ಸುಲಭ.

ಒಂದು ಉದಾಹರಣೆಯನ್ನು ನೋಡೋಣ. ಹೊರಡುವಾಗ 64.2 ಕಿಲೋಗ್ರಾಂ ಇದ್ದವರು ಒಂದೂವರೆ ಗಂಟೆ ಓಡಿ ಬಂದಾಗ 62.9 ಕಿಲೋಗ್ರಾಂ ಇದ್ದಾರೆ, ನಡುವೆ 400 ಮಿಲಿಲೀಟರ್ ನೀರು ಕುಡಿದಿದ್ದಾರೆ ಎಂದುಕೊಳ್ಳಿ. ಒಂದು ಕಿಲೋಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಲೀಟರ್. ಅವರು ಸುರಿಸಿದ ಬೆವರು 1.7 ಲೀಟರ್, ಗಂಟೆಗೆ ಸುಮಾರು 1.1 ಲೀಟರ್. ದೇಹದಲ್ಲಿ ಉಳಿದಿರುವ ಕೊರತೆ 1.3 ಲೀಟರ್, ಅಂದರೆ ದೇಹದ ತೂಕದ ಶೇಕಡ 2. ಕೊರತೆ ಶೇಕಡ 2ನ್ನು ಮೀರಿದಾಗ, ಅದರಲ್ಲಿಯೂ ಬಿಸಿಲಿನಲ್ಲಿ, ಓಟದ ಶಕ್ತಿ ಕುಂದಲು ತೊಡಗುತ್ತದೆ, ಎದೆಬಡಿತ ಏರುತ್ತದೆ. ಶೇಕಡ 1ರ ಒಳಗಿನ ಕೊರತೆಗೆ ಚಿಂತಿಸುವ ಅಗತ್ಯವಿಲ್ಲ.

ಇವರು 1.3 ಲೀಟರ್ ಕುಡಿದರೆ ಸರಿಹೋಗುತ್ತದೆಯೇ? ಇಲ್ಲ, ಏಕೆಂದರೆ ಕುಡಿಯುತ್ತಿರುವಾಗಲೂ ಮೂತ್ರ ಮತ್ತು ಬೆವರಿನಲ್ಲಿ ಒಂದಷ್ಟು ಹೊರಗೆ ಹೋಗುತ್ತಿರುತ್ತದೆ. ಅದೇ ದಿನ ಸಂಜೆ ಅಥವಾ ಮರುದಿನ ಬೆಳಗ್ಗೆ ಮತ್ತೆ ಓಡಬೇಕಾಗಿದ್ದು ಬೇಗನೆ ಚೇತರಿಸಿಕೊಳ್ಳಬೇಕಾದವರು ಕಳೆದುಕೊಂಡ ಪ್ರತಿ ಕಿಲೋಗ್ರಾಂಗೆ ಒಂದೂವರೆ ಲೀಟರ್ ಕುಡಿಯಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2007ರ ತನ್ನ ನಿಲುವಿನಲ್ಲಿ ಹೇಳಿದೆ. ಆ ಪ್ರಕಾರ ನಮ್ಮ ಉದಾಹರಣೆಯವರಿಗೆ ಎರಡು ಲೀಟರಿಗೆ ಸ್ವಲ್ಪ ಕಡಿಮೆ ಬೇಕಾಗುತ್ತದೆ. ಮುಂದಿನ ಓಟ ಎರಡು ದಿನಗಳ ನಂತರ ಇದ್ದರೆ ಈ ಲೆಕ್ಕವೇ ಬೇಡ. ಬಾಯಾರಿಕೆಗೆ ತಕ್ಕಂತೆ ನೀರು ಮತ್ತು ಎಂದಿನ ಊಟ ತಿಂಡಿ ಎಲ್ಲವನ್ನೂ ಸರಿಮಾಡುತ್ತವೆ.

ಬರೀ ನೀರು ಯಾವಾಗ ಸಾಕು

ಒಂದು ಗಂಟೆಯೊಳಗಿನ ವ್ಯಾಯಾಮಕ್ಕೆ ನೀರು ಸಾಕು. ಬೆಳಗಿನ ಐದು ಕಿಲೋಮೀಟರ್ ನಡಿಗೆ, ಜಿಮ್ಮಿನಲ್ಲಿ ಮುಕ್ಕಾಲು ಗಂಟೆ, ಯೋಗದ ತರಗತಿ, ಸಂಜೆಯ ಷಟಲ್ ಇವುಗಳಿಗೆ ಎಲೆಕ್ಟ್ರೊಲೈಟ್ ಪಾನೀಯ ಬೇಕಿಲ್ಲ. ಇದನ್ನು ನಾನು ಖಚಿತವಾಗಿ ಹೇಳುತ್ತೇನೆ, ಏಕೆಂದರೆ ಇಂದು ಜಿಮ್ಮುಗಳಲ್ಲಿ ಹದಿನೈದು ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆದವರೂ ಬಣ್ಣದ ಬಾಟಲಿ ಹಿಡಿದಿರುವುದನ್ನು ಕಾಣುತ್ತೇವೆ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳಗಳ ನಮ್ಮ ಊಟ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಬೆವರದವರು ಅದರ ಮೇಲೆ ಇನ್ನಷ್ಟು ಉಪ್ಪು ಮತ್ತು ಸಕ್ಕರೆಯನ್ನು ಕುಡಿಯುವುದರಿಂದ ಲಾಭವಿಲ್ಲ, ರಕ್ತದೊತ್ತಡ ಇರುವವರಿಗೆ ಹಾನಿಯಿದೆ.

ಒಂದೂವರೆ ಗಂಟೆಯನ್ನು ದಾಟಿದ ಓಟ, ಬಿಸಿಲಿನ ಸೈಕಲ್ ಸವಾರಿ, ಇಡೀ ದಿನದ ಕ್ರಿಕೆಟ್ ಪಂದ್ಯ, ಕುದುರೆಮುಖ ಅಥವಾ ಕುಮಾರಪರ್ವತದ ಚಾರಣ ಇವು ಬೇರೆ ವರ್ಗಕ್ಕೆ ಸೇರುತ್ತವೆ. ಇಲ್ಲಿಯೂ ಉಪ್ಪು ಪಾನೀಯದಲ್ಲಿಯೇ ಇರಬೇಕೆಂದಿಲ್ಲ. ತಿಂಡಿಯಲ್ಲಿದ್ದರೂ ಅದೇ ಕೆಲಸ ಮಾಡುತ್ತದೆ. ಸಾಂಬಾರಿನಲ್ಲಿ ನೆನೆದ ಇಡ್ಲಿ, ಪೊಂಗಲ್, ಬಿಸಿಬೇಳೆ ಬಾತ್, ಸೊಪ್ಪಿನ ಸಾರಿನ ಜೊತೆ ಮುದ್ದೆ, ಯಾವುದನ್ನು ತಿಂದರೂ ಅದರ ಜೊತೆಗೆ ಕುಡಿದ ಬರೀ ನೀರು ದೇಹದಲ್ಲಿ ನಿಲ್ಲುತ್ತದೆ. ಓಡಿ ಬಂದ ಕೂಡಲೇ ಹಸಿವಾಗದವರಿಗೆ, ತಿಂಡಿಗೆ ಇನ್ನೂ ಎರಡು ಗಂಟೆ ಇರುವವರಿಗೆ, ಸಂಜೆಯೇ ಮತ್ತೊಂದು ಪಂದ್ಯ ಇರುವವರಿಗೆ ಮಾತ್ರ ಪಾನೀಯದಲ್ಲಿ ಉಪ್ಪು ಬೇಕಾಗುತ್ತದೆ.

ಕುಡಿಯುವ ವೇಗದ ಬಗ್ಗೆ ಒಂದು ಮಾತು. ಮೊದಲ ಹತ್ತು ನಿಮಿಷ ನಡೆದಾಡಿ ಉಸಿರು ಹದಕ್ಕೆ ಬಂದ ಮೇಲೆ ಒಂದು ದೊಡ್ಡ ಲೋಟ, ಅಂದರೆ 250 ಮಿಲಿಲೀಟರ್ ಕುಡಿಯಿರಿ. ನಂತರ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಸಣ್ಣ ಲೋಟದಂತೆ ಮೊದಲ ಗಂಟೆಯಲ್ಲಿ 600ರಿಂದ 700 ಮಿಲಿಲೀಟರ್, ಉಳಿದದ್ದನ್ನು ತಿಂಡಿಯ ಜೊತೆಗೂ ಮುಂದಿನ ಮೂರು ಗಂಟೆಗಳಲ್ಲಿಯೂ ಮುಗಿಸಿದರೆ ಹೊಟ್ಟೆ ಭಾರವಾಗುವುದಿಲ್ಲ, ಮೂತ್ರದಲ್ಲಿ ಪೋಲಾಗುವುದೂ ಕಡಿಮೆ. ಹೂಜಿಯ ನೀರಿನಷ್ಟು ತಂಪಿದ್ದರೆ ಹೆಚ್ಚು ಕುಡಿಯಲು ಮನಸ್ಸಾಗುತ್ತದೆ. ಕಾಫಿಯ ಬಗ್ಗೆ ಹಲವರಿಗೆ ಅನುಮಾನವಿದೆ. ದಿನವೂ ಕುಡಿಯುವ ರೂಢಿಯಿರುವವರಿಗೆ ಒಂದು ಲೋಟ ಫಿಲ್ಟರ್ ಕಾಫಿಯಿಂದ ನೀರಿನ ನಷ್ಟವಾಗುವುದಿಲ್ಲ. ಬಿಯರ್ ಮಾತ್ರ ಬೇಡ: ಅದು ಮೂತ್ರವನ್ನು ಹೆಚ್ಚಿಸುತ್ತದೆ, ಅದರಲ್ಲಿ ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ.

ಮನೆಯಲ್ಲಿ ಕಲಸುವ ಪಾನೀಯಗಳು

ನನ್ನ ಮೊದಲ ಆಯ್ಕೆ ನೀರುಮಜ್ಜಿಗೆ. ಒಂದು ಲೋಟ ಮೊಸರಿಗೆ ಮೂರು ಲೋಟ ನೀರು ಸೇರಿಸಿ ಕಡೆದು, ಪುಡಿ ಉಪ್ಪನ್ನು ಕಾಲು ಚಮಚದಷ್ಟು ಹಾಕಿ, ಜಜ್ಜಿದ ಶುಂಠಿ, ಕರಿಬೇವು, ಚಿಟಿಕೆ ಇಂಗು ಸೇರಿಸಿದರೆ ಮುಕ್ಕಾಲು ಲೀಟರಿಗೂ ಹೆಚ್ಚು ಪಾನೀಯ ಸಿದ್ಧ. ಹಾಲು ಮತ್ತು ಹಾಲಿನ ಪದಾರ್ಥಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ ಎರಡೂ ಸಹಜವಾಗಿಯೇ ಇವೆ, ಪ್ರೋಟೀನು ಇದೆ. ವ್ಯಾಯಾಮದ ನಂತರ ಹಾಲು ಕುಡಿದವರಲ್ಲಿ ನೀರಿಗಿಂತ ಹೆಚ್ಚು ಹೊತ್ತು ದ್ರವಾಂಶ ದೇಹದಲ್ಲಿ ಉಳಿಯುತ್ತದೆಂದು ಬ್ರಿಟನ್ನಿನ ಸಂಶೋಧಕರು ಅಳೆದು ತೋರಿಸಿದ್ದಾರೆ. ಓಡಿ ಬಂದ ಬಾಯಿಗೆ ಗಟ್ಟಿ ಹಾಲು ಹಿಡಿಸದಿದ್ದರೂ ಮಜ್ಜಿಗೆ ಹಿಡಿಸುತ್ತದೆ.

ಎರಡನೆಯದು ಉಪ್ಪು ಬೆರೆಸಿದ ನಿಂಬೆ ಪಾನಕ. ಒಂದು ಲೀಟರ್ ನೀರಿಗೆ ಹತ್ತು ಸಣ್ಣ ಚಮಚ ಸಕ್ಕರೆ, ಕಾಲು ಸಣ್ಣ ಚಮಚ ಪುಡಿ ಉಪ್ಪು, ಒಂದು ನಿಂಬೆಹಣ್ಣಿನ ರಸ. ಇಲ್ಲಿ ಚಮಚದ ಅಳತೆಯಲ್ಲಿ ಸಡಿಲ ಬಿಡಬಾರದು. ಚಹಾ ಕಲಕುವ ಸಣ್ಣ ಚಮಚವನ್ನು ತೆಗೆದುಕೊಂಡು, ಉಪ್ಪನ್ನು ತುಂಬಿ, ಚಾಕುವಿನ ಬೆನ್ನಿನಿಂದ ಅಂಚಿಗೆ ಸಮನಾಗಿ ಸವರಿ. ಸವರಿದ ಉಪ್ಪನ್ನು ಒಂದು ತಟ್ಟೆಯ ಮೇಲೆ ಸುರಿದು ಉದ್ದಕ್ಕೆ ಎಳೆದು ನಾಲ್ಕು ಭಾಗ ಮಾಡಿ ಒಂದು ಭಾಗವನ್ನು ಎತ್ತಿಕೊಳ್ಳಿ. ಅದು ಸುಮಾರು ಒಂದೂವರೆ ಗ್ರಾಂ, ಅದರಲ್ಲಿ ಸೋಡಿಯಂ ಸುಮಾರು 600 ಮಿಲಿಗ್ರಾಂ. ಗುಡ್ಡೆ ಕಟ್ಟಿದ ಚಮಚದಲ್ಲಿ ಸವರಿದ ಚಮಚದ ಎರಡರಷ್ಟು ಹಿಡಿಯುವುದೂ ಉಂಟು. ಕಲ್ಲುಪ್ಪಿನ ಹರಳುಗಳ ನಡುವೆ ಜಾಗವಿರುವುದರಿಂದ ಅದೇ ಚಮಚದಲ್ಲಿ ಕಡಿಮೆ ಉಪ್ಪು ಹಿಡಿಯುತ್ತದೆ, ಆದ್ದರಿಂದ ಪುಡಿ ಉಪ್ಪನ್ನೇ ಬಳಸಿ. ಸೈಂಧವ ಲವಣದಲ್ಲಿ ಅಪರೂಪದ ಖನಿಜಗಳಿವೆ ಎಂಬ ಪ್ರಚಾರವನ್ನು ನಂಬಿ ಹೆಚ್ಚು ಹಣ ಕೊಡಬೇಡಿ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ, ಉಳಿದ ಖನಿಜಗಳ ಪ್ರಮಾಣ ಲೆಕ್ಕಕ್ಕೆ ಬಾರದಷ್ಟು. ಸಕ್ಕರೆಯ ಬದಲು ಸುಮಾರು 40 ಗ್ರಾಂ ಬೆಲ್ಲ ಕರಗಿಸಿ, ಏಲಕ್ಕಿ ಹಾಕಿದರೆ ರಾಮನವಮಿಯ ಪಾನಕವೇ ಆಯಿತು, ಉಪ್ಪು ಮಾತ್ರ ಮರೆಯಬಾರದು. ಕರಾವಳಿಯವರು ಪುನರ್ಪುಳಿಯ ಶರಬತ್ತಿಗೆ ಇದೇ ಅಳತೆಯಲ್ಲಿ ಉಪ್ಪು ಹಾಕಿಕೊಳ್ಳಬಹುದು.

ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಯುವುದು, ಉತ್ತರ ಕರ್ನಾಟಕದ ಜೋಳದ ಅಂಬಲಿ, ಹಳೆ ಮೈಸೂರಿನ ರಾಗಿ ಅಂಬಲಿ ಇವೆಲ್ಲವೂ ಬೆವರು ಸುರಿಸಿ ದುಡಿದವರ ಪಾನೀಯಗಳೇ. ನೀರು, ಉಪ್ಪು, ಪಿಷ್ಟ ಮೂರೂ ಅವುಗಳಲ್ಲಿ ಸೇರಿವೆ.

ಎಳನೀರಿನ ವಿಷಯದಲ್ಲಿ ಹೆಚ್ಚಿನವರು ತಪ್ಪು ತಿಳಿದಿದ್ದಾರೆ. ನನಗೂ ಎಳನೀರೆಂದರೆ ಪ್ರೀತಿಯೇ, ಓಟ ಮುಗಿಸಿ ರಸ್ತೆ ಬದಿಯಲ್ಲಿ ಒಂದು ಕಾಯಿ ಕೊಚ್ಚಿಸಿ ಕುಡಿಯುವ ಸುಖ ಬೇರೆ ಯಾವುದರಲ್ಲಿಯೂ ಇಲ್ಲ. ಆದರೆ ಅದರಲ್ಲಿ ಹೇರಳವಾಗಿರುವುದು ಪೊಟ್ಯಾಸಿಯಂ. ಬೆವರಿನಲ್ಲಿ ಹೆಚ್ಚು ಹೋಗುವ ಸೋಡಿಯಂ ಅದರಲ್ಲಿ ಕಡಿಮೆ. ದೀರ್ಘ ಓಟದ ನಂತರ ಎಳನೀರನ್ನೇ ನೆಚ್ಚಿದರೆ ಉಪ್ಪಿನ ಕೊರತೆ ಹಾಗೆಯೇ ಉಳಿಯುತ್ತದೆ. ಎಳನೀರಿನ ಜೊತೆಗೆ ಉಪ್ಪು ಹಚ್ಚಿದ ಸೌತೆಕಾಯಿಯನ್ನೋ ಉಪ್ಪು ಖಾರದ ಕಡಲೆಬೀಜವನ್ನೋ ತಿಂದರೆ ಆ ಕೊರತೆ ತುಂಬುತ್ತದೆ.

ಅಂಗಡಿಯಲ್ಲಿ ಕೊಳ್ಳುವಾಗ

ಬಾಟಲಿಯ ಮುಂಭಾಗದಲ್ಲಿ ಬರೆದಿರುವುದನ್ನು ಬಿಟ್ಟು ಹಿಂಭಾಗದ ಪೌಷ್ಟಿಕಾಂಶದ ಪಟ್ಟಿಯನ್ನು ಓದಿ. 100 ಮಿಲಿಲೀಟರಿಗೆ ಸೋಡಿಯಂ ಎಷ್ಟು, ಸಕ್ಕರೆ ಎಷ್ಟು ಎಂಬ ಎರಡೇ ಅಂಕಿಗಳು ಸಾಕು. ಸಾಮಾನ್ಯ ಕ್ರೀಡಾ ಪಾನೀಯಗಳಲ್ಲಿ ಸಕ್ಕರೆ 6ರಿಂದ 8 ಗ್ರಾಂ, ಸೋಡಿಯಂ 45 ಮಿಲಿಗ್ರಾಂನ ಆಸುಪಾಸಿನಲ್ಲಿ ಇರುತ್ತದೆ. ಸೋಡಿಯಂ 20 ಮಿಲಿಗ್ರಾಂಗಿಂತ ಕೆಳಗಿದ್ದು ಸಕ್ಕರೆ 10 ಗ್ರಾಂ ದಾಟಿದ್ದರೆ ಅದು ಬಣ್ಣ ಬೆರೆಸಿದ ಸಿಹಿ ನೀರು. ಅಷ್ಟು ಸಕ್ಕರೆ ಹೊಟ್ಟೆಯಿಂದ ಮುಂದೆ ಸಾಗುವುದೇ ನಿಧಾನ, ಕೆಲವರಿಗೆ ಹೊಟ್ಟೆ ಉಬ್ಬರಿಸಿ ಭೇದಿಯೂ ಆಗುತ್ತದೆ. ಡಬ್ಬಿಯಲ್ಲಿ ಬರುವ ಗ್ಲೂಕೋಸ್ ಪುಡಿಯಲ್ಲಿ ಹೆಚ್ಚಾಗಿ ಇರುವುದು ಸಕ್ಕರೆಯ ಅಂಶ ಮಾತ್ರ, ಉಪ್ಪಿನ ಕೆಲಸ ಅದರಿಂದ ಆಗದು. ನೀರಿನಲ್ಲಿ ಹಾಕಿದರೆ ನೊರೆಯೇಳುವ ಮಾತ್ರೆಗಳಲ್ಲಿ ಸಕ್ಕರೆ ಇಲ್ಲದಿರಬಹುದು, ಸೋಡಿಯಂ ಒಂದೊಂದರಲ್ಲಿ ಒಂದೊಂದು ರೀತಿ.

ಔಷಧಿ ಅಂಗಡಿಯಲ್ಲಿ ಸಿಗುವ, ಭೇದಿಯಾದವರಿಗೆ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು ಸಕ್ಕರೆಯ ಪುಡಿಯಾದ ಓಆರ್‌ಎಸ್ ಪೊಟ್ಟಣ ಬೇರೆಯೇ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ 2002ರ ಸೂತ್ರದಂತೆ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಅದರಲ್ಲಿರುತ್ತವೆ. 100 ಮಿಲಿಲೀಟರಿಗೆ ಸೋಡಿಯಂ 170 ಮಿಲಿಗ್ರಾಂಗೂ ಹೆಚ್ಚು, ಕ್ರೀಡಾ ಪಾನೀಯಕ್ಕಿಂತ ಮೂರು ನಾಲ್ಕು ಪಟ್ಟು. ದೇಹದ ತೂಕದ ಶೇಕಡ 2ಕ್ಕಿಂತ ಹೆಚ್ಚು ಕಳೆದುಕೊಂಡ ದಿನ, ಅಥವಾ ಓಟದ ಜೊತೆಗೆ ವಾಂತಿ ಭೇದಿಯೂ ಆದ ದಿನ, ಅದು ಬಹಳ ಒಳ್ಳೆಯದು. ದಿನನಿತ್ಯದ ವ್ಯಾಯಾಮಕ್ಕೆ ಅಷ್ಟು ಉಪ್ಪು ಬೇಡ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುಡಿಯುವ ನೀರಿನಲ್ಲಿಯೇ ಕಲಸಬೇಕು. ಅರ್ಧ ಪೊಟ್ಟಣವನ್ನು ಅಂದಾಜಿನಿಂದ ಲೋಟಕ್ಕೆ ಸುರಿದರೆ ಉಪ್ಪಿನ ಅಳತೆ ಕೆಡುತ್ತದೆ. ಹಣ್ಣಿನ ರಸಕ್ಕೆ, ಹಾಲಿಗೆ ಬೆರೆಸಬಾರದು. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಬೇಕು.

ಈ ಸೂತ್ರಕ್ಕೆ ಸಂಬಂಧವೇ ಇಲ್ಲದ, ಸಕ್ಕರೆ ತುಂಬಿದ ಪಾನೀಯಗಳು ಓಆರ್‌ಎಸ್ ಎಂಬ ಹೆಸರಿಟ್ಟುಕೊಂಡು ವರ್ಷಗಟ್ಟಲೆ ನಮ್ಮ ಅಂಗಡಿಗಳಲ್ಲಿ ಮಾರಾಟವಾದವು. ಹೈದರಾಬಾದಿನ ಮಕ್ಕಳ ತಜ್ಞೆ ಶಿವರಂಜನಿ ಸಂತೋಷ್ ಅವರು ಬಹುಕಾಲ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಅಂತಹ ಪಾನೀಯಗಳ ಹೆಸರಿನಲ್ಲಿ ಆ ಪದವನ್ನು ಬಳಸಬಾರದೆಂದು ಆದೇಶಿಸಿತು. ಹಾಗಿದ್ದರೂ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂಬ ಉಲ್ಲೇಖವಿದೆಯೇ, ಮೇಲಿನ ನಾಲ್ಕು ಅಂಶಗಳು ಹೊಂದುತ್ತವೆಯೇ ಎಂದು ನೋಡಿ ಕೊಳ್ಳುವ ಅಭ್ಯಾಸ ಒಳ್ಳೆಯದು.

ಅತಿಯಾಗಿ ಕುಡಿಯುವ ಅಪಾಯ

ನೀರು ಎಷ್ಟು ಕುಡಿದರೂ ಒಳ್ಳೆಯದೇ ಎಂಬ ಮಾತು ಓಟಗಾರರ ಪಾಲಿಗೆ ಸುಳ್ಳು. ನಾಲ್ಕೈದು ಗಂಟೆ ನಿಧಾನವಾಗಿ ಓಡುತ್ತ, ನೀರಿನ ಮೇಜು ಸಿಕ್ಕಲ್ಲೆಲ್ಲ ಬಾಯಾರಿಕೆ ಇಲ್ಲದಿದ್ದರೂ ಕುಡಿಯುವವರ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಗುರಿ ಮುಟ್ಟಿದ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ಶೇಕಡ 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಓಟದ ನಡುವೆ ತೂಕ ಹೆಚ್ಚಿಸಿಕೊಂಡವರಲ್ಲಿಯೇ ಈ ತೊಂದರೆ ಹೆಚ್ಚಾಗಿ ಕಂಡಿತ್ತು. ಕ್ರೀಡಾ ಪಾನೀಯ ಕುಡಿದರೂ ಇದರಿಂದ ಪೂರ್ತಿ ರಕ್ಷಣೆ ಸಿಗುವುದಿಲ್ಲ, ಏಕೆಂದರೆ ಅದರಲ್ಲಿನ ಸೋಡಿಯಂ ರಕ್ತದಲ್ಲಿರುವುದಕ್ಕಿಂತ ಬಹಳ ತೆಳು.

ಆದ್ದರಿಂದ ಓಟದ ನಂತರ ಯಾರಿಗಾದರೂ ಓಕರಿಕೆ, ತೀವ್ರ ತಲೆನೋವು, ಉಂಗುರ ಬಿಗಿಯಾಗುವಂತೆ ಬೆರಳುಗಳ ಊತ, ಮಾತಿನಲ್ಲಿ ಗೊಂದಲ ಕಂಡರೆ ಮತ್ತಷ್ಟು ನೀರು ಕುಡಿಸಲು ಮುಂದಾಗಬೇಡಿ. ಎಷ್ಟು ಕುಡಿದಿದ್ದಾರೆಂದು ಕೇಳಿ. ತೂಕ ಹೊರಡುವಾಗಿನದಕ್ಕಿಂತ ಹೆಚ್ಚಿದ್ದರೆ ನೀರನ್ನು ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ಯಿರಿ, ಮತ್ತು ಅಲ್ಲಿನ ವೈದ್ಯರಿಗೆ ಓಟದ ವಿಷಯವನ್ನೂ ಕುಡಿದ ನೀರಿನ ಲೆಕ್ಕವನ್ನೂ ಹೇಳಿ. ಮೈ ಕೆಂಡದಂತೆ ಸುಡುತ್ತಿದ್ದು ಪ್ರಜ್ಞೆ ಮಸುಕಾಗಿದ್ದರೆ ಅದು ಬಿಸಿಲಿನ ಆಘಾತ. 108ಕ್ಕೆ ಕರೆ ಮಾಡಿ, ಅದು ಬರುವವರೆಗೆ ನೆರಳಿನಲ್ಲಿ ಮಲಗಿಸಿ ಮೈಮೇಲೆ ತಣ್ಣೀರು ಸುರಿಯುತ್ತ ಗಾಳಿ ಬೀಸುತ್ತಿರಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು. ಮೀನಖಂಡ ಹಿಡಿದುಕೊಳ್ಳುವುದಕ್ಕೆ ಉಪ್ಪಿನ ಕೊರತೆಯೇ ಕಾರಣವೆಂದು ತಿಳಿದು ಉಪ್ಪು ನೆಕ್ಕಿಸುವವರಿದ್ದಾರೆ, ಆದರೆ ಹೆಚ್ಚಿನ ಸಲ ಅದು ಸ್ನಾಯುವಿನ ದಣಿವು. ಪಾದವನ್ನು ಮೊಣಕಾಲಿನ ಕಡೆಗೆ ನಿಧಾನವಾಗಿ ಎಳೆದು ಹಿಡಿದರೆ ಬಿಡುತ್ತದೆ.

ಅಧಿಕ ರಕ್ತದೊತ್ತಡ, ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಇಲ್ಲಿ ಹೇಳಿದ ಉಪ್ಪಿನ ಅಳತೆಗಳನ್ನು ತಮ್ಮ ವೈದ್ಯರಿಗೆ ತೋರಿಸಿಯೇ ಅನುಸರಿಸಬೇಕು. ಮೂತ್ರಪಿಂಡದ ತೊಂದರೆ ಇರುವವರಿಗೆ ಎಳನೀರಿನ ಪೊಟ್ಯಾಸಿಯಂ ಅಪಾಯಕಾರಿಯಾಗಬಹುದು. ಸಕ್ಕರೆ ಕಾಯಿಲೆಯವರಿಗೆ ಸಿಹಿ ಪಾನೀಯಗಳಿಗಿಂತ ಉಪ್ಪಿನ ಮಜ್ಜಿಗೆ ಸೂಕ್ತ. ಅರವತ್ತು ದಾಟಿದವರಲ್ಲಿ ಬಾಯಾರಿಕೆಯ ಅರಿವೇ ಮಂಕಾಗಿರುವುದರಿಂದ ಅವರು ಬಾಯಾರಿಕೆಯನ್ನು ನೆಚ್ಚದೆ ತೂಕವನ್ನು ನೆಚ್ಚುವುದು ಒಳ್ಳೆಯದು.

ಮರುದಿನ ಬೆಳಗ್ಗೆ

ಸರಿಯಾಗಿ ತುಂಬಿಕೊಂಡಿದ್ದೇವೆಯೇ ಎಂಬುದನ್ನು ಅದೇ ದಿನದ ಮೂತ್ರದ ಬಣ್ಣದಿಂದ ಹೇಳಲಾಗದು. ಅದು ನನ್ನನ್ನು ಮೋಸಗೊಳಿಸಿದ್ದನ್ನು ಆಗಲೇ ಹೇಳಿದ್ದೇನೆ. ಮರುದಿನ ಎದ್ದ ಮೇಲಿನ ಮೊದಲ ಮೂತ್ರ ತೆಳು ಹಳದಿಯಾಗಿದ್ದರೆ ಸರಿ, ಗಾಢವಾಗಿದ್ದರೆ ಕೊರತೆ ಉಳಿದಿದೆ. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದವರಿಗೆ ಈ ಪರೀಕ್ಷೆ ಹೊಂದುವುದಿಲ್ಲ, ಅವರ ಮೂತ್ರ ಹೇಗಿದ್ದರೂ ಕಡು ಹಳದಿಯೇ. ಆಮೇಲೆ ಬರಿಹೊಟ್ಟೆಯಲ್ಲಿ ತೂಕ ನೋಡಿ. ಎಂದಿನ ಬೆಳಗಿನ ತೂಕಕ್ಕೂ ಇದಕ್ಕೂ ಶೇಕಡ 1ರೊಳಗಿನ ವ್ಯತ್ಯಾಸವಿದ್ದರೆ ಹೊರಡಬಹುದು. ತೂಕ ಅದಕ್ಕಿಂತಲೂ ಹೆಚ್ಚು ಇಳಿದಿದ್ದು, ಮೂತ್ರವೂ ಗಾಢವಾಗಿದ್ದು, ಬಾಯಿಯೂ ಒಣಗಿದ್ದರೆ ಆ ದಿನದ ಓಟವನ್ನು ಸಂಜೆಗೆ ಮುಂದೂಡಿ, ಎರಡು ಲೋಟ ಉಪ್ಪಿನ ಮಜ್ಜಿಗೆ ಕುಡಿದು ತಿಂಡಿಗೆ ಕುಳಿತುಕೊಳ್ಳಿ.